ಎಂಟು ಕಿಲೋ ಬೇಳೆ ಒಲ್ಲೆ ಎಂದವಳು

ಮನುಷ್ಯರು ಹೇಗೆ ತೀರ್ಮಾನ ಮಾಡುತ್ತಾರೆ ಎಂಬುದನ್ನು ನಾನು ಕಾಲೇಜಿನ ಮೆಟ್ಟಿಲು ಹತ್ತದೆ, ಪುಸ್ತಕ ಓದಿಯೇ ಕಲಿತವಳು. ಆ ಧಿಮಾಕಿನಲ್ಲೇ ದೋರನಹಳ್ಳಿಯಲ್ಲಿ ಸಂಶೋಧಕರೊಬ್ಬರ ಪರವಾಗಿ ಒಂದು ಆಟ ಆಡಿಸಿದೆ. ಹತ್ತು ಕಿಲೋ ತೊಗರಿಬೇಳೆಯನ್ನು ಒಬ್ಬಳು ಪಾಲು ಮಾಡಬೇಕು. ಇನ್ನೊಬ್ಬಳು ಒಪ್ಪಿದರೆ ಇಬ್ಬರಿಗೂ ಬೇಳೆ, ಒಲ್ಲೆ ಎಂದರೆ ಇಬ್ಬರಿಗೂ ಇಲ್ಲ.

ಪಾಲು ಮಾಡಿದವಳು ಶಾಂತಮ್ಮ. ಎದುರಿಗೆ ಅವಳ ಮೈದುನನ ಹೆಂಡತಿ ನೀಲಮ್ಮ. ಒಲೆ ಬೇರೆಯಾದಾಗಿನಿಂದ ಇಬ್ಬರಿಗೂ ಮಾತಿಲ್ಲ. ಶಾಂತಮ್ಮ ಎರಡು ಕಿಲೋ ಇಟ್ಟುಕೊಂಡು ಎಂಟು ಕಿಲೋ ಆಕೆಯ ಕಡೆ ತಳ್ಳಿದಳು. ಇಬ್ಬರೂ ಒಂದಾದರಲ್ಲ ಎಂದು ನಾನು ಹಿಗ್ಗಿದೆ.

“ಒಲ್ಲೆ” ಎಂದಳು ನೀಲಮ್ಮ.

ನಾನು ದಂಗಾದೆ. “ಯವ್ವಾ, ಮನ್ಯಾಗ ಬ್ಯಾಳಿ ಮುಗದೈತಿ ಅಂದಿದ್ಯಲ್ಲ!”

“ಸಮಾ ಕೊಟ್ಟಿದ್ರ ತಗೋತಿದ್ದೆ. ಎಂಟು ಕೊಟ್ಟೇನಿ ಅಂತ ಊರೆಲ್ಲ ಹೇಳ್ಕೋತ ತಿರಗ್ತಾಳ್ರಿ ಅಕಿ.”

ಶಾಂತಮ್ಮ ಕಿಸಕ್ಕನೆ ನಕ್ಕಳು. “ಒಲ್ಲೆ ಅಂತಾಳಂತ ಗೊತ್ತಿತ್ರಿ. ಅದಕ್ಕ ಎಂಟು ಕೊಟ್ಟೆ.”

ತನ್ನ ಬೇಳೆಯೂ ಹೋಯಿತೆಂಬ ಚಿಂತೆ ಅವಳ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ನನ್ನ ಯಾವ ಪುಸ್ತಕದಲ್ಲೂ ಇಂಥ ಆಟ ಇರಲಿಲ್ಲ.

ಜೀಪಿನ ಹತ್ತಿರ ಕಾಯುತ್ತಿದ್ದ ಸಂಶೋಧಕರು, “ಹತ್ತೂ ಕಿಲೋ ನೀವೇ ಒಯ್ಯಿರಮ್ಮ, ಪಾಪ” ಎಂದರು.

“ಒಲ್ಲೆ” ಎಂದೆ. ಯಾಕೆಂದು ಬರೆದುಕೊಳ್ಳಲು ಅವರು ಪೆನ್ನು ತೆಗೆದರು.