ಮೂರು ಚೀಸ್ ಎತ್ತರದವಳು

ಆಫ್ರಾ ತ್ಸೆಂಗರ್ಲೆ ನಾಲ್ಕು ಅಡಿ ಎಂಟು ಇಂಚಿಗೇ ಬೆಳೆಯುವುದನ್ನು ನಿಲ್ಲಿಸಿಬಿಟ್ಟಳು. ಜರ್ಮನಿಯ ನಮ್ಮ ಆಲ್ಗಾಯ್ ಕಡೆಯ ಜನ ಕುಳ್ಳರನ್ನು ಸುಮ್ಮನೆ ಬಿಡುವವರಲ್ಲ. ಪುಟಾಣಿ ಮಕ್ಕಳನ್ನು ನಾವು ಮುದ್ದಿನಿಂದ 'ಡ್ರೈಕೇಸೆಹೋಖ್' ಎನ್ನುತ್ತೇವೆ, ಅಂದರೆ ಮೂರು ಚೀಸ್ ಎತ್ತರದವರು. ಹಿಂದೆ ಚೀಸಿನ ಗಾಲಿಗಳನ್ನು, ಅಂದರೆ ಗಾಲಿಯಂತೆ ದುಂಡಗಿನ ಗಟ್ಟಿ ಚೀಸನ್ನು, ಒಂದರ ಮೇಲೊಂದು ಪೇರಿಸಿ, ಪಕ್ಕದಲ್ಲಿ ಮಕ್ಕಳನ್ನು ನಿಲ್ಲಿಸಿ ಅಳೆಯುತ್ತಿದ್ದರಂತೆ. ಮಿಕ್ಕವರಿಗೆ ಆ ಹೆಸರು ಶಾಲೆ ಸೇರುವಷ್ಟರಲ್ಲಿ ಬಿಟ್ಟುಹೋಗುತ್ತದೆ. ಆಫ್ರಾಳಿಗೆ ಮಾತ್ರ ಮೂವತ್ತಾರು ವರ್ಷವಾದರೂ ಅಂಟಿಕೊಂಡೇ ಇತ್ತು.

ಊರಿನ ಚೀಸ್ ಡೇರಿಯಲ್ಲಿ ಅವಳು ಹದಿನೆಂಟು ವರ್ಷ ಪಾತ್ರೆ ತೊಳೆದಳು. ಕಣ್ಣೆಲ್ಲ ನೆಲಮಾಳಿಗೆಯ ಮೇಲೆ. ಅಲ್ಲಿ ಹಲಗೆಗಳ ಮೇಲೆ ಚೀಸ್ ಮಾಗುತ್ತದೆ. ಗಾಲಿಗಳನ್ನು ತಿರುವಿಹಾಕಿ, ಉಪ್ಪುನೀರು ಉಜ್ಜಿ, ಬೆರಳಲ್ಲಿ ತಟ್ಟಿ ಕೇಳಬೇಕು. ಒಳಗೆ ಬಿರುಕು ಬಿಟ್ಟ ಚೀಸಿನ ಟೊಳ್ಳು ಸದ್ದನ್ನು ಅವಳಷ್ಟು ಬೇಗ ಹಿಡಿಯುವವರು ಯಾರೂ ಇರಲಿಲ್ಲ. ನೆಲಮಾಳಿಗೆ ನೋಡಿಕೊಳ್ಳುತ್ತಿದ್ದ ಮುದುಕ ಕೆಲಸ ಬಿಟ್ಟ ದಿನವೇ ಅವಳು ಮ್ಯಾನೇಜರ್ ಶೆಡ್ಲರ್ ಎದುರು ಹೋಗಿ ನಿಂತಳು. ಹಾಲು ಹಾಕಲು ಹೋಗಿದ್ದ ನಾಲ್ಕಾರು ಜನರ ಜೊತೆ ನಾನೂ ಅಲ್ಲೇ ಇದ್ದೆ.

"ನೆಲಮಾಳಿಗೆ ಕೆಲ್ಸ ನಂಗೆ ಕೊಡಿ."

"ನಿಂಗಾ? ಮೇಲಿನ ಹಲಗೆ ನನ್ನ ತಲೆ ಮಟ್ಟಕ್ಕಿದೆ ಕಣಮ್ಮ. ಮೂರು ಚೀಸ್ ಎತ್ತರ ಇದ್ಕೊಂಡು..." ಶೆಡ್ಲರ್ ಮಾತು ಮುಗಿಸದೆ ನಕ್ಕ. ನಾವೂ ನಕ್ಕೆವು. ಅದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

"ಮಲಗಿಸಿದ ಚೀಸಾ, ನಿಲ್ಸಿದ ಚೀಸಾ?" ಎಂದಳು ಆಫ್ರಾ.

"ಏನು?"

"ಅಳತೆ ಹೇಳೋರು ಸರಿಯಾಗಿ ಹೇಳ್ಬೇಕಪ್ಪ."

ನಮ್ಮ ಗಾಲಿ ಒಂದೊಂದೂ ಮೂವತ್ತು ಕಿಲೋ, ಅಗಲ ಎರಡಡಿ. ಗೋಡೆಗೂ ಕಂಬಕ್ಕೂ ನಡುವಿನ ಸಂದಿಯಲ್ಲಿ ಅವಳು ಒಂದನ್ನು ಅಂಚಿನ ಮೇಲೆ ನಿಲ್ಲಿಸಿದಳು. ಅದರ ಮೇಲೆ ಎರಡನೆಯದು. ಮೂರನೆಯದನ್ನು ಎದೆಗವಚಿಕೊಂಡು ಹಾಲು ಕರೆಯುವಾಗ ಕೂರುವ ಕಾಲ್ಮಣೆ ಹತ್ತಿದಾಗ ಯಾರೂ ನಗಲಿಲ್ಲ. ಅದೂ ಹೋಗಿ ಕೂತಿತು.

"ಬನ್ನಿ, ಪಕ್ಕದಲ್ಲಿ ನಿಂತ್ಕೊಳ್ಳಿ."

ಶೆಡ್ಲರ್ ನಿಂತ. ನಾಲ್ಕು ಬೆರಳು ಕಡಿಮೆ ಬಿದ್ದ.

"ಅಯ್ಯೋ ಪಾಪ, ನೀವೂ ಇನ್ನೂ ಮೂರು ಚೀಸ್ ಆಗಿಲ್ವಲ್ಲ."

ಆಮೇಲೆ ಹಲಗೆಯ ಮಾತನ್ನು ಯಾರೂ ಎತ್ತಲಿಲ್ಲ. ಶೆಡ್ಲರ್ ತಲೆ ಕೆರೆದುಕೊಂಡು, "ಬೀಗದ ಕೈ ಮೊಳೆಗೆ ನೇತಾಕಿದೆ, ತಗೋ," ಎಂದ. ಆ ಮೊಳೆಯೂ ಅವನ ಎತ್ತರಕ್ಕೆ ಹೊಡೆದದ್ದು. ಆಫ್ರಾ ಮಣೆ ಹತ್ತಿ ಬೀಗದ ಕೈ ತೆಗೆದುಕೊಂಡಳು, ಮೊಳೆಯನ್ನೂ ಕಿತ್ತಳು. ಅದನ್ನು ಬೇಕೆಂತಲೇ ತನ್ನ ಸೊಂಟದ ಮಟ್ಟಕ್ಕೆ ಹೊಡೆದಳು.

ಇಪ್ಪತ್ತೇಳು ವರ್ಷ ನೆಲಮಾಳಿಗೆ ಅವಳದಾಗಿತ್ತು. ಈಗ ಅವಳಿಲ್ಲ, ಮೊಳೆ ಅಲ್ಲೇ ಇದೆ. ಈಗಿನ ಮ್ಯಾನೇಜರ್ ಆರಡಿ ಆಳು. ದಿನಾ ಬೆಳಿಗ್ಗೆ ಬೀಗದ ಕೈಗಾಗಿ ಅದರ ಮುಂದೆ ಬಗ್ಗುತ್ತಾನೆ.