ಪುಣೆಯಿಂದ ಹೊಳೆನರಸೀಪುರಕ್ಕೆ ಒಂದು ಸುಳ್ಳು ಕರೆ

ಪುಣೆಯಲ್ಲಿ ನನ್ನ ಹೆಸರು ಸಾಲಲಿಲ್ಲ. ಬಾಡಿಗೆ ಕೋಣೆ ಕೇಳಲು ಹೋದ ಮೊದಲ ಮನೆಯ ಬಾಗಿಲಲ್ಲಿ ನಿಂತು "ನಾಗರಾಜ" ಎಂದೆ. ಮನೆಯೊಡತಿ ಮುಂದೆ ಇನ್ನೇನೋ ಬರುತ್ತದೆ ಎಂದು ಕಾದರು. ಬರಲಿಲ್ಲ. "ಆಡನಾವ್?" ಎಂದರು. ಮನೆತನದ ಹೆಸರಿಗೆ ಅಲ್ಲಿನವರು ಹಾಗೆನ್ನುತ್ತಾರೆ. ನಮ್ಮ ಹಾಸನದ ಕಡೆ ಹೆಸರಿನ ಜೊತೆ ಒಂದೆರಡು ಇನಿಷಿಯಲ್ ಬಿಟ್ಟರೆ ಮನೆತನದ ಹೆಸರು ಯಾರಿಗಿದೆ? ಇಲ್ಲ ಎಂದೆ. ನಾನು ಏನನ್ನೋ ಮುಚ್ಚಿಡುತ್ತಿದ್ದೇನೆ ಎಂಬಂತೆ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೋಣೆ ಖಾಲಿಯಿಲ್ಲ ಎಂದರು. ಖಾಲಿ ಕೋಣೆ ಅವರ ಬೆನ್ನ ಹಿಂದೆಯೇ ಕಾಣುತ್ತಿತ್ತು.

ಇನ್ನೊಂದು ಮನೆಗೆ ಹೋಗುವಷ್ಟರಲ್ಲಿ ನಾನು ಬುದ್ಧಿವಂತನಾಗಿದ್ದೆ. ಆಡನಾವ್ ಕೇಳಿದಾಗ ಊರಿನ ಹೆಸರು ಹೇಳಿದೆ. ನಾಗರಾಜ ದಂಡಿಗನಹಳ್ಳಿ. ಅದು ಯಾವ ಜಾತಿಗೆ ಸೇರಿದ ಹೆಸರೆಂದು ಅವರಿಗೆ ಗೊತ್ತಾಗಲಿಲ್ಲ, ಗೊತ್ತಾಗಲಿಲ್ಲವೆಂದು ಆ ಕೋಣೆಯೂ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಬಾಗಿಲ ಮೇಲೆ ಬುದ್ಧನ ಪಟವಿದ್ದ ಒಂದು ಸಾಲುಮನೆಯಲ್ಲಿ. ನಮ್ಮ ಮನೆಯಲ್ಲೂ ಆ ಪಟವಿತ್ತು. "ಜೈ ಭೀಮ್" ಎಂದೆ, ಮನೆಯ ಯಜಮಾನರಾದ ಮುದುಕರು ಬೇರೇನೂ ಕೇಳದೆ ಬೀಗದ ಕೈ ಕೊಟ್ಟರು. ಇಷ್ಟು ದೂರ ಬಂದು ಮತ್ತೆ ನಮ್ಮ ಕೇರಿಯಲ್ಲೇ ಇಳಿದೆನಲ್ಲ ಎಂದು ಒಂದು ಕಡೆ ನೆಮ್ಮದಿ, ಒಂದು ಕಡೆ ಬೇಸರ.

ನನ್ನ ಕಸುಬೆಂದರೆ ಬಾಯಿ. ಅಪ್ಪ ದಂಡಿಗನಹಳ್ಳಿಯಲ್ಲಿ ತಮಟೆ ಬಾರಿಸಿ ಪಂಚಾಯ್ತಿಯ ಸುದ್ದಿ ಸಾರುತ್ತಿದ್ದರು. ನಾನು ಬಿ.ಎ. ಅರ್ಧಕ್ಕೆ ಬಿಟ್ಟು ಚನ್ನರಾಯಪಟ್ಟಣದಲ್ಲಿ ಮೈಕು ಕಟ್ಟಿದ ಆಟೋದೊಳಗೆ ಕೂತು ಸಾರುತ್ತಿದ್ದೆ. ಟೆಂಟಿನ ಸಿನಿಮಾ, ಸೀರೆ ರಿಯಾಯ್ತಿ, ನೀರು ಬಿಡದ ದಿನ, ತಪ್ಪಿಸಿಕೊಂಡ ಎಮ್ಮೆ, ಎಲ್ಲದಕ್ಕೂ ನಾನೇ. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಮನೆಮನೆಗೆ ಕೇಬಲ್ ಬಂತು, ಟೆಂಟುಗಳು ಮುಚ್ಚಿದವು, ಆಟೋದಲ್ಲಿ ನನ್ನ ಬದಲು ಕ್ಯಾಸೆಟ್ಟು ಕೂಗತೊಡಗಿತು. ಪುಣೆಯಲ್ಲಿದ್ದ ಪರಿಚಯದವರೊಬ್ಬರು ಕರೆದರೆಂದು ಹೊರಟುಬಂದೆ. ಸಿಕ್ಕಿದ್ದು ಕಂಪ್ಯೂಟರ್ ಕಂಪನಿಗಳಿದ್ದ ಕಟ್ಟಡವೊಂದರ ಗೇಟಿನಲ್ಲಿ ವಾಚ್‌ಮನ್ ಕೆಲಸ.

ಆ ಕಟ್ಟಡದ ಮೇಲಿನ ಮಹಡಿಯಲ್ಲೊಂದು ಸಣ್ಣ ಕಂಪನಿ. ಬೇರೆಯವರ ಕಂಪ್ಯೂಟರಿಗೆ ಕಳ್ಳರು ಎಲ್ಲಿಂದ ನುಗ್ಗಬಹುದೆಂದು ತಾವೇ ಮೊದಲು ನುಗ್ಗಿ ನೋಡಿ ಹೇಳುವುದು ಅವರ ವ್ಯಾಪಾರ. ಸೈಬರ್ ಭದ್ರತೆ ಎಂಬ ಮಾತನ್ನು ನಾನು ಕೇಳಿದ್ದೇ ಅಲ್ಲಿ. ಬಾಗಿಲು ಕಾಯುವುದೇ ನನ್ನ ಹಣೆಬರಹವಾದರೆ ಒಳಗೆ ಫ್ಯಾನಿನ ಕೆಳಗೆ ಕೂತು ಕಾಯೋಣ ಎನಿಸಿ, ಪಾಳಿ ಮುಗಿದ ಮೇಲೆ ಕಂಪ್ಯೂಟರ್ ತರಗತಿಗೆ ಸೇರಿದೆ. ಜೊತೆಯವರೆಲ್ಲ ನನಗಿಂತ ತುಂಬ ಚಿಕ್ಕವರು, ಪುಸ್ತಕ ಪೂರಾ ಇಂಗ್ಲಿಷು, ಒಂದು ಪುಟಕ್ಕೆ ಒಂದು ಸಂಜೆ ಹಿಡಿಯುತ್ತಿತ್ತು. ಪರೀಕ್ಷೆಯಲ್ಲಿ ಫೇಲಾದೆ, ಮತ್ತೆ ಕಟ್ಟಿದೆ, ಪಾಸಾದೆ. ಪಾಸಾದ ಸುದ್ದಿಯನ್ನು ಯಾರಿಗೆ ಹೇಳಬೇಕೆಂದು ತೋಚದೆ ಮನೆಯ ಮುದುಕರಿಗೆ ಹೇಳಿದೆ. ಅವರು ಸಂತೋಷಪಟ್ಟು ಬಿಸಿ ಭಾಕ್ರಿ, ಅಂದರೆ ಅಲ್ಲಿನ ಜೋಳದ ರೊಟ್ಟಿ, ಕೊಟ್ಟರು. ಮುದ್ದೆ ನುಂಗಿ ಬೆಳೆದವನಿಗೆ ಅದು ಅಗಿದಷ್ಟೂ ಮುಗಿಯದು. ಒಬ್ಬನೇ ಕೂತು ಅಗಿಯುತ್ತ ಅತ್ತೆ.

ಕಂಪನಿಯನ್ನು ನಡೆಸುತ್ತಿದ್ದವರು ಒಬ್ಬ ಮೇಡಂ. ನಮ್ಮ ಜಿಲ್ಲೆಯಲ್ಲೂ ಶಾಖೆಗಳಿದ್ದ ಬ್ಯಾಂಕೊಂದರ ಭದ್ರತೆಯನ್ನು ಪರೀಕ್ಷಿಸುವ ಕೆಲಸ ಅವರಿಗೆ ಸಿಕ್ಕಿತು. ಕನ್ನಡದವನು ಬೇಕಾಗಿತ್ತು, ಗೇಟಿನಿಂದ ನನ್ನನ್ನು ಮೇಲಕ್ಕೆ ಕರೆಸಿಕೊಂಡರು. ಹೆಡ್ಡಾಫೀಸಿನ ಕಂಪ್ಯೂಟರ್ ವಿಭಾಗದವನೆಂದು ಹೇಳಿ ಶಾಖೆಗಳಿಗೆ ಫೋನ್ ಮಾಡಬೇಕು, ಪಾಸ್‌ವರ್ಡ್ ಕೇಳಬೇಕು, ಕೊಟ್ಟರೋ ಇಲ್ಲವೋ ಬರೆಯಬೇಕು. ನಾನು ಹೇಳಬೇಕಾದ ಸುಳ್ಳನ್ನು ಬ್ಯಾಂಕಿನ ದೊಡ್ಡವರು ಮೊದಲೇ ಓದಿ ಒಪ್ಪಿದ್ದರು. ಅದರ ಮೇಲೆ ಒಂದು ಸುಳ್ಳು ಹೆಚ್ಚು ಹೇಳಿದರೂ ಕೆಲಸದಿಂದ ತೆಗೆಯುತ್ತೇನೆ ಎಂದು ಮೇಡಂ ಹಿಂದಿಯಲ್ಲಿ ಒತ್ತಿ ಹೇಳಿದರು. ಸರಿಯಾಗಿ ಮಾಡಿದರೆ ಕಾಯಂ ಮಾಡಿಕೊಳ್ಳುತ್ತೇನೆ ಎಂದೂ ಹೇಳಿದರು.

ಹಾಸನದ ಮ್ಯಾನೇಜರು ಗದರಿ ಫೋನ್ ಇಟ್ಟರು. ಅರಕಲಗೂಡಿನವರು ಫ್ಯಾಕ್ಸ್ ಕಳಿಸಿ ಎಂದರು. ಚನ್ನರಾಯಪಟ್ಟಣದಲ್ಲಿ ಯಾರೂ ಎತ್ತಲಿಲ್ಲ. ಹೊಳೆನರಸೀಪುರದಲ್ಲಿ ಎತ್ತಿದವರು ಸುಶೀಲಮ್ಮ, ಅಲ್ಲಿನ ಗುಮಾಸ್ತೆ. ಗಂಡ ತೀರಿಕೊಂಡ ಮೇಲೆ ಅವರ ಕೆಲಸಕ್ಕೆ ಬಂದವರೆಂದು ಆಮೇಲೆ ತಿಳಿಯಿತು. ನಾನು ಒಪ್ಪಿತವಾದ ಸುಳ್ಳನ್ನು ಒಪ್ಪಿಸಿದೆ.

"ಅಂಗೆಲ್ಲ ಫೋನಿನಾಗೆ ಕೊಡಂಗಿಲ್ಲ ಸಾ" ಎಂದರು. ಆಮೇಲೆ, "ನಿಮ್ ಮಾತು ನಮ್ ಕಡೇದ್ ಇದ್ದಂಗೈತಲ್ಲ. ಯಾವೂರು?"

ದಂಡಿಗನಹಳ್ಳಿ ಎಂದೆ.

"ಔದಾ! ನಮ್ ದೊಡ್ಡಮ್ಮನ್ನ ಅಲ್ಗೇ ಕೊಟ್ಟಿರೋದು. ಯಾರ ಪೈಕಿ ನೀವು?"

ಪುಣೆಯ ಆಡನಾವ್, ನಮ್ಮಲ್ಲಿನ ಯಾರ ಪೈಕಿ, ಎರಡೂ ಕೇಳುವುದು ಒಂದನ್ನೇ. ಅಲ್ಲಿ ಹೆಸರಿನ ಬಾಲ ನೋಡುತ್ತಾರೆ, ನಮ್ಮಲ್ಲಿ ಬೇರು ಕೆದಕುತ್ತಾರೆ. ಊರ ಕಡೆ ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟವನಿಗೆ ಬೇರೆ ಗುರುತಿನ ಚೀಟಿ ಬೇಕಿಲ್ಲ, ಒಳಮನೆಯವರೆಗೂ ಹೋಗಬಹುದು. ನಿಜ ಹೇಳಿದರೆ ಆ ಕಡೆಯ ದನಿ ಹೇಗೆ ತಣ್ಣಗಾಗುತ್ತದೆ ಎಂಬುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ನಮ್ಮೂರಿನ ದೊಡ್ಡಮನೆ, ನಾನು ಜಗುಲಿಯ ಕೆಳಗೆ ನಿಂತಷ್ಟೇ ನೋಡಿದ ಮನೆ, ಬಾಯಿಗೆ ಬಂತು.

"ದೊಡ್ಮನೆಯೋರ ಪೈಕಿ ಕಣಕ್ಕ."

"ಅಯ್ಯೋ, ಅಂಗಾರೆ ನಮ್ಮೋರೇ! ಮೊದ್ಲೇ ಏಳ್ಬಾರ್ದಾ? ಬರ್ಕಳಿ." ಪಾಸ್‌ವರ್ಡ್ ಹೇಳಿದರು. "ಆ ಊರ್ನಾಗೆ ಮುದ್ದೆಗಿದ್ದೆ ಸಿಕ್ತದಾ? ಒಟ್ಟೆ ತುಂಬ ಉಣ್ತೀರಾ?"

ಪುಣೆಗೆ ಬಂದ ಮೇಲೆ ನನ್ನ ಹೊಟ್ಟೆಯ ಬಗ್ಗೆ ಯಾರೂ ಕನ್ನಡದಲ್ಲಿ ಕೇಳಿರಲಿಲ್ಲ. ಫೋನ್ ಇಟ್ಟುಬಿಟ್ಟೆ. ಅಕ್ಕಪಕ್ಕ ಕನ್ನಡ ಬಲ್ಲವರು ಇರಲಿಲ್ಲವಾದ್ದರಿಂದ ನಾನು ಸೇರಿಸಿ ಹೇಳಿದ ಸುಳ್ಳು ಯಾರಿಗೂ ತಿಳಿಯಲಿಲ್ಲ. ಹೊಳೆನರಸೀಪುರ ಕೊಟ್ಟಿತು ಎಂದು ಬರೆದೆ. ಕೊಟ್ಟವರ ಹೆಸರನ್ನು ಬ್ಯಾಂಕು ಕೇಳಿತು, ಮೇಡಂ ಹೇಳಿದರು. ನಾನು ಕಾಯಂ ಆದೆ.

ಕೆಲವು ತಿಂಗಳ ಮೇಲೆ ಶಾಖೆಗಳ ಸಿಬ್ಬಂದಿಗೆ ತಿಳಿವಳಿಕೆ ಹೇಳಲು ನನ್ನನ್ನೇ ಕಳಿಸಿದರು. ಚನ್ನರಾಯಪಟ್ಟಣದ ಬೀದಿಯಲ್ಲಿ ಕೂಗಿಕೊಂಡು ತಿರುಗುತ್ತಿದ್ದವನಿಗೆ ಹೊಳೆನರಸೀಪುರದ ಮ್ಯಾನೇಜರು ಕುರ್ಚಿ ಎಳೆದು ಕೊಟ್ಟು ಸಾರ್ ಎಂದರು. ಅಪರಿಚಿತರಿಗೆ ಫೋನಿನಲ್ಲಿ ಏನೂ ಕೊಡಬೇಡಿ, ಕೊಟ್ಟುಬಿಟ್ಟರೆ ತಡಮಾಡದೆ ಮೇಲಿನವರಿಗೆ ತಿಳಿಸಿ ಎಂದು ಹಳೆಯ ದನಿಯಲ್ಲೇ ಸಾರಿದೆ. ಮುಗಿಸಿ ಹೊರಗೆ ಬಂದರೆ ಬಾಗಿಲ ಪಕ್ಕದ ಬೆಂಚಿನ ಮೇಲೆ ನಲವತ್ತರ ಹೆಂಗಸೊಬ್ಬರು ಕೂತಿದ್ದರು.

"ಆವತ್ತು ಮಾತಾಡ್ದೋರು ನೀವೇ ಅಲ್ವಾ? ಕಿಟಕಿನಾಗೆ ಕೇಳಿಸ್ತು" ಎಂದರು.

ಹೌದಕ್ಕ ಎಂದೆ. ಪಾಸ್‌ವರ್ಡ್ ಕೊಟ್ಟಿದ್ದಕ್ಕೆ ಸುಶೀಲಮ್ಮನನ್ನು ಅಮಾನತು ಮಾಡಿದ್ದರು, ದಿನವೂ ಬಂದು ಸಹಿ ಹಾಕಿ ಹೋಗಬೇಕಾಗಿತ್ತು. ಅವರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ನನಗೆ ಗೊತ್ತಿಲ್ಲದ ಸಂಗತಿಯೊಂದನ್ನು ಹೇಳಿದರು. ಆ ದಿನ ಸಂಜೆಯೇ ಅವರು ದಂಡಿಗನಹಳ್ಳಿಯ ದೊಡ್ಡಮ್ಮನಿಗೆ ಫೋನ್ ಮಾಡಿ, ದೊಡ್ಡಮನೆಯವರೊಬ್ಬರು ನಮ್ಮ ಹೆಡ್ಡಾಫೀಸಿನಲ್ಲಿದ್ದಾರೆ ಎಂದು ಸಂಭ್ರಮದಿಂದ ಹೇಳಿದ್ದರು. ಆ ಮನೆಯಲ್ಲಿ ಅಂಥವರು ಯಾರೂ ಇಲ್ಲ ಎಂದು ಬಂತು ಉತ್ತರ.

"ಎದೆ ಒಡ್ದೋಯ್ತು. ಬೆಳಿಗ್ಗೆ ಬಾಗ್ಲು ತೆಗೆಯೋ ಒತ್ಗೇ ಬಂದು ಮ್ಯಾನೇಜರ್‌ಗೆ ಏಳ್ದೆ. ಪಾಸ್‌ವರ್ಡ್ ಬದ್ಲಾಯಿಸಿ, ಯಾರ್ಗೂ ಏಳ್ಬೇಡಮ್ಮ ಅಂದ್ರು. ಈಗ ಅವ್ರು, ನೀನ್ ಏಳಿದ್ದು ನಂಗೆ ಗ್ಯಾಪ್ಕಾನೇ ಇಲ್ಲ ಅಂತಾರೆ."

ವಿಚಾರಣೆಯಲ್ಲಿ ಇದನ್ನೆಲ್ಲ ಹೇಳಿದ್ದರು. ಆದರೆ ಬ್ಯಾಂಕು ಓದಿ ಒಪ್ಪಿದ್ದ ಸುಳ್ಳಿನಲ್ಲಿ ದೊಡ್ಡಮನೆ ಇರಲಿಲ್ಲವಲ್ಲ. ಹೆಂಗಸು ಕಥೆ ಕಟ್ಟುತ್ತಿದ್ದಾಳೆ ಎಂದು ಬ್ಯಾಂಕು ತೀರ್ಮಾನಿಸಿತ್ತು. ಮೋಸವನ್ನು ಅದೇ ದಿನ ಹಿಡಿದು ಮರುದಿನವೇ ಮೇಲಿನವರಿಗೆ ತಿಳಿಸುವುದು, ನಾನು ಆಗತಾನೆ ಒಳಗೆ ಬೋಧಿಸಿ ಬಂದ ಪಾಠ ಅದೇ.

"ದೊಡ್ಮನೆ ಅಂದಿದ್ದು ನಿಜ ಅಂತ ನೀವು ಒಂದ್ ಮಾತು ಬರ್ದ್ಕೊಟ್ರೆ ನನ್ ಕೆಲ್ಸ ಉಳೀತದೆ" ಎಂದರು. ಆಮೇಲೆ ನನ್ನ ಮುಖ ನೋಡಿ, "ನೀವು ನಿಜ್ವಾಗ್ಲೂ ಯಾರ ಪೈಕಿ?"

ಅಪ್ಪನ ಹೆಸರು ಹೇಳಿದೆ, ಕೇರಿ ಹೇಳಿದೆ, ತಮಟೆ ಹೇಳಿದೆ. ಅವರು ಸೆರಗು ಸರಿಮಾಡಿಕೊಂಡರು. ಮತ್ತೆ ಮಾತಾಡಿದಾಗ ನಾನು 'ನೀವು' ಎಂಬಲ್ಲಿಂದ 'ನೀನು' ಎಂಬಲ್ಲಿಗೆ ಇಳಿದಿದ್ದೆ.

"ಅಷ್ಟ್ ದೂರ ಓಗಿ, ಅಷ್ಟ್ ಓದಿ, ನಿಂಗೆ ನಮ್ಮೋರ ಮನೆ ಎಸ್ರೇ ಬೇಕಾಯ್ತಾ?"

"ನಮ್ಮಪ್ಪನ ಎಸ್ರು ಏಳಿದ್ರೆ ಕೊಡ್ತಿದ್ರಾ ಅಕ್ಕ?"

ಅವರು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು. "ಇಲ್ಲ. ಕೊಡ್ತಿರ್ಲಿಲ್ಲ. ಕಾಗ್ದ ಕಳ್ಸು ಅಂತಿದ್ದೆ."

ಅಂದರೆ ನಾನು ನಿಜ ಹೇಳಿದ್ದರೆ ಅವರು ನಿಯಮ ಪಾಲಿಸುತ್ತಿದ್ದರು, ಕೆಲಸ ಉಳಿಯುತ್ತಿತ್ತು. ಪುಣೆಯಲ್ಲಿ ಇಂಗ್ಲಿಷ್ ಪುಸ್ತಕ ಓದಿ ಕಲಿತ ಯಾವ ಬೀಗಕ್ಕಿಂತಲೂ ಗಟ್ಟಿಯಾದ ಬೀಗ ನಮ್ಮಪ್ಪನ ಹೆಸರು. ನನಗೆ ಎಂಥ ಸಿಟ್ಟು ಬಂತೆಂದರೆ ಹೋಗಿಬರುತ್ತೇನೆ ಎನ್ನದೆ ಬಸ್‌ಸ್ಟ್ಯಾಂಡಿಗೆ ನಡೆದೆ. ಹಾಸನ ಬರುವವರೆಗೂ ಮನಸ್ಸು ಕುದಿಯಿತು. ಇವರ ಕೆಲಸ ಉಳಿಸಲು ನಾನ್ಯಾಕೆ ನನ್ನದನ್ನು ಕಳೆದುಕೊಳ್ಳಬೇಕು?

ಹಾಸನದ ನಿಲ್ದಾಣದಲ್ಲಿ ಪುಣೆಯ ಕಡೆಯ ಬಸ್ಸಿಗೆ ಕಾಯುತ್ತ ಕೂತಾಗ ಇನ್ನೊಂದು ಯೋಚನೆ ಬಂತು. ಆ ಬೆಂಚಿನ ಮೇಲೆ ಅವರಿಗೆ ನನ್ನಿಂದ ಕೆಲಸವಾಗಬೇಕಿತ್ತು. ಕೊಡ್ತಿದ್ದೆ ಕಣಪ್ಪ, ನಾವೆಲ್ಲ ಒಂದೇ ಎಂದು ಬೆಣ್ಣೆ ಹಚ್ಚಬಹುದಿತ್ತು. ಹಚ್ಚಲಿಲ್ಲ. ನನ್ನ ಇಡೀ ಜೀವಮಾನದಲ್ಲಿ ಆ ಜನ ನನ್ನ ಮುಖ ನೋಡಿ ಹೇಳಿದ ನಿಜ ಅದೊಂದೇ. ಕಹಿಯಾಗಿದ್ದರೂ ನಿಜ.

ಪುಣೆಗೆ ಮರಳಿ ನಡೆದದ್ದನ್ನು ಬರೆದು ಮೇಡಂ ಮುಂದಿಟ್ಟೆ. ಅವರು ಓದಿ, ದೊಡ್ಡಮನೆ ಎಂದರೇನು, ಅದನ್ನು ಯಾಕೆ ಹೇಳಿದೆ ಎಂದು ಕೇಳಿದರು. ವಿವರಿಸಿದೆ. "ಊರು ಹೇಳಿದರೆ ಸಾಕಾಗಿತ್ತಲ್ಲ" ಎಂದರು.

"ನಮ್ಮಲ್ಲಿ ಸಾಕಾಗುವುದಿಲ್ಲ ಮೇಡಂ. ನಿಮ್ಮಲ್ಲೂ ಊರಿನ ಹೆಸರು ಹೇಳಿದ್ದಕ್ಕೆ ನನಗೆ ಕೋಣೆ ಸಿಕ್ಕಿತಾ?"

ಅವರು ಪತ್ರವನ್ನು ಬ್ಯಾಂಕಿಗೆ ಕಳಿಸಿದರು, ಹೇಳಿದ ಮಾತಿನಂತೆ ನನ್ನನ್ನು ತೆಗೆದರು. ಬಹಳ ದಿನ ಅಲೆದ ಮೇಲೆ ಇನ್ನೊಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಯಾವ ಕಂಪ್ಯೂಟರಿಗೆ ಯಾರು ಬಂದರು, ಹೋದರು ಎಂದು ಪರದೆಯ ಮೇಲೆ ಓದುತ್ತ ಕೂರುವುದು. ಬಾಯಿಗೆ ಕೆಲಸವಿಲ್ಲ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ನನ್ನ ದನಿ ನನಗೇ ಕೇಳಿಸುವುದಿಲ್ಲ.

ಸುಶೀಲಮ್ಮನಿಗೆ ಕೆಲಸ ವಾಪಸು ಸಿಕ್ಕಿತು. ಹಳೆಯ ಕಂಪನಿಯಿಂದ ನನ್ನ ನಂಬರು ಪಡೆದು ಅವರೇ ಫೋನ್ ಮಾಡಿದರು.

"ಅರಕಲಗೂಡ್ಗೆ ಆಕವ್ರೆ ಕಣಪ್ಪ. ನೀನ್ ಬರ್ದಿದ್ಕೇ ಆಗಿದ್ದು. ನಿನ್ ಕೆಲ್ಸ ಓಯ್ತಂತೆ?"

"ಬೇರೆ ಸಿಕ್ತು ಬಿಡಕ್ಕ."

"ಈ ಕಡೆ ಬಂದ್ರೆ ಬಾ" ಎಂದು ತಡೆದರು. ಆಮೇಲೆ, "ಬ್ಯಾಂಕ್ ತಾವ ಬಾ. ಮಾತಾಡ್ಕಂಡು ಓಗೀವಂತೆ" ಎಂದರು.

ನಮ್ಮ ಕಡೆ ಇಂಥ ಮಾತಿನಲ್ಲಿ ಮನೆಗೆ ಬಾ ಎನ್ನುವುದು ವಾಡಿಕೆ. ಅವರು ಎಲ್ಲಿ ತಡೆದರು, ಯಾಕೆ ತಡೆದರು ಎಂಬುದು ನನಗೆ ಚೆನ್ನಾಗಿ ಕೇಳಿಸಿತು. ಬತ್ತೀನಿ ಅಕ್ಕ ಎಂದೆ. ಫೋನ್ ಇಟ್ಟ ಮೇಲೂ ನಾನು ಅದನ್ನೇ ನೋಡುತ್ತ ಕೂತಿದ್ದನ್ನು ಕಂಡು ಪಕ್ಕದ ಮೇಜಿನವರು, "ಮನೆಯಿಂದ ಫೋನಾ?" ಎಂದು ಹಿಂದಿಯಲ್ಲಿ ಕೇಳಿದರು.

ಹೌದು ಎಂದೆ.