ಆಮಂತ್ರಣ ನೋಡಿ ಬರೆದ ಸುದ್ದಿ

ಪತ್ರಿಕೆಯಲ್ಲಿ 'ಕಿಕ್ಕಿರಿದ ಜನಸ್ತೋಮ' ಎಂದು ಓದಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಬಸ್ಸಿನ ವೇಳಾಪಟ್ಟಿ. ಈ ವಾಕ್ಯವನ್ನು ಎಷ್ಟು ಗಂಟೆಗೆ ಬರೆದಿರಬಹುದು, ಜನ ಸೇರುವ ಮೊದಲೋ ಆಮೇಲೋ? ರಾಜಕಾರಣಿಗಳನ್ನು ನಂಬದವರು ಬಹಳ ಮಂದಿ ಇದ್ದಾರೆ. ನಾನು ಅವರ ಸುದ್ದಿ ಬರೆಯುವವನನ್ನೂ ನಂಬುವುದಿಲ್ಲ, ಏಕೆಂದರೆ ಅವನು ನಾನೇ ಆಗಿದ್ದೆ.

ಎಂಬತ್ತರ ದಶಕದ ಆರಂಭದಲ್ಲಿ ಹಾನಗಲ್ಲಿನ ಬಸ್‌ಸ್ಟ್ಯಾಂಡ್ ಎದುರು ಟೈಪಿಂಗ್ ಕ್ಲಾಸು ನಡೆಸುತ್ತಿದ್ದೆ. ಜೊತೆಗೆ ಹುಬ್ಬಳ್ಳಿಯ ಒಂದು ದಿನಪತ್ರಿಕೆಗೆ ಬಾತ್ಮೀದಾರ. ಸುದ್ದಿಯ ಕವರನ್ನು ಮಧ್ಯಾಹ್ನದ ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಗಿತ್ತರೆ ಸಂಜೆಯೊಳಗೆ ಪತ್ರಿಕೆಗೆ ತಲುಪುತ್ತಿತ್ತು. ಮಂತ್ರಿಗಳ ಸಭೆಗಳೋ ಸಂಜೆಗೇ ಇರುತ್ತಿದ್ದವು, ಅವೂ ಹೇಳಿದ ವೇಳೆಗೆ ಸುರುವಾಗುತ್ತಿರಲಿಲ್ಲ. ಮುಗಿದ ಮೇಲೆ ಬರೆದರೆ ಸುದ್ದಿ ಹಳಸುತ್ತದೆ. ಹಾಗಾಗಿ ನಾವು ಆಮಂತ್ರಣ ಪತ್ರಿಕೆಯನ್ನು ಎದುರಿಗಿಟ್ಟುಕೊಂಡು ವರದಿಯನ್ನು ಮೊದಲೇ ಬರೆದುಬಿಡುತ್ತಿದ್ದೆವು. ಸ್ವಾಗತಿಸುವವರು, ವಂದಿಸುವವರು ಎಲ್ಲರ ಹೆಸರೂ ಅದರಲ್ಲಿರುತ್ತಿದ್ದವು. ಭಾಷಣ ನಮಗೆ ಬಾಯಿಪಾಠವಾಗಿತ್ತು, ಪಕ್ಷ ಬದಲಾದರೂ ಅದು ಬದಲಾಗುತ್ತಿರಲಿಲ್ಲ. ಚಪ್ಪಾಳೆಯನ್ನು ಮಾತ್ರ ನಾವು ಸ್ವಂತದಿಂದ ಹಾಕುತ್ತಿದ್ದೆವು. ಇದನ್ನು ಯಾರೂ ಸುಳ್ಳೆಂದು ತಿಳಿದಿರಲಿಲ್ಲ, ನಾನೂ ತಿಳಿದಿರಲಿಲ್ಲ.

ನನ್ನ ಅಕ್ಕನನ್ನು ಕೊಟ್ಟಿದ್ದು ತಡಸದ ಈಚೆಗೆ, ಹುಬ್ಬಳ್ಳಿ ರಸ್ತೆಯ ಮೇಲಿನ ಒಂದು ಹಳ್ಳಿಗೆ. ಅಲ್ಲಿ ನೀರಿನ ಟಾಕಿ ಕಟ್ಟಿ, ಓಣಿಗೊಂದು ನಳ ಕೂಡಿಸಿ, ಎಲ್ಲಕ್ಕೂ ಬಣ್ಣ ಹೊಡೆದಿದ್ದರು. ಬೋರಿಗೆ ಮೋಟಾರು ಮಾತ್ರ ಇರಲಿಲ್ಲ. ಹೆಂಗಸರು ಹೊಲದಾಚೆಯ ಬಾವಿಯಿಂದಲೇ ನೀರು ಹೊರುತ್ತಿದ್ದರು. ಅಷ್ಟರಲ್ಲೇ ಉದ್ಘಾಟನೆಗೆ ದಿನ ಗೊತ್ತಾಯಿತು. ಅಕ್ಕ ಪೇಟೆಗೆ ಬಂದಾಗ ನನ್ನ ಟೈಪಿಂಗ್ ಕ್ಲಾಸಿಗೇ ಬಂದು ಹೇಳಿದಳು:

"ಮಂತ್ರಿ ಬರ್ಲಿ. ಮೋಟಾರ್ ಕೂಡ್ಸೂಮಟ ರಿಬ್ಬನ್ ಕತ್ತರ್ಸಾಕ ಬಿಡಾಂಗಿಲ್ಲ. ಹೆಂಗಸ್ರೆಲ್ಲ ಖಾಲಿ ಕೊಡ ಹಿಡ್ಕೊಂಡು ನಿಂದ್ರತೇವಿ. ನೀ ಬಂದು ನೋಡಿ ಬರಿ, ತಮ್ಮಾ."

"ಬರ್ತೇನಿ," ಅಂದೆ.

ಉದ್ಘಾಟನೆಯ ದಿನ ಮಧ್ಯಾಹ್ನ ಪುಢಾರಿಯೊಬ್ಬ ಆಮಂತ್ರಣ ತಂದು ಮೇಜಿನ ಮೇಲಿಟ್ಟ. "ಬಸ್ ಬಿಡಾಕತ್ತೇತ್ರಿ. ಸಾಹೇಬ್ರು ಬಂದ ಬರ್ತಾರ, ಬರದ ಬಿಡ್ರಿ."

ಬರೆದೆ. 'ಬಹುದಿನದ ಬೇಡಿಕೆ ಈಡೇರಿದ್ದಕ್ಕೆ ಗ್ರಾಮದ ಮಹಿಳೆಯರು ಹರ್ಷ ವ್ಯಕ್ತಪಡಿಸಿದರು.' ಖಾಲಿ ಕೊಡದ ಸಂಗತಿ ನೆನಪಿರಲಿಲ್ಲವೆಂದಲ್ಲ. ಅದನ್ನು ಬರೆದರೆ ಪುಢಾರಿ ಮುನಿಸಿಕೊಳ್ಳುತ್ತಿದ್ದ. ಬಸ್ಸು ನೆಪವಾಯಿತು. ಸುದ್ದಿ ಬರೆದಾದ ಮೇಲೆ ಸಭೆಗೆ ಹೋಗುವುದಾದರೂ ಯಾಕೆಂದು ಸಂಜೆಯ ಕ್ಲಾಸು ತೆಗೆದುಕೊಂಡೆ. ನನ್ನ ಕವರು ಹೊತ್ತ ಬಸ್ಸು ಅಕ್ಕನ ಊರಿನ ಪೆಂಡಾಲಿನ ಮುಂದೆಯೇ ಹಾಯ್ದು ಹೋಗಿರಬೇಕು. ಅಷ್ಟೊತ್ತಿಗಾಗಲೇ ಹೆಂಗಸರು ಕೊಡ ಹಿಡಿದು ನಿಂತಿದ್ದರಂತೆ.

ಮಂತ್ರಿ ಬರಲಿಲ್ಲ. ಶಿಗ್ಗಾಂವಿಯಿಂದಲೇ ಹಿಂದಿರುಗಿದರು. ಮರುದಿನದ ಪತ್ರಿಕೆಯಲ್ಲಿ ಮಾತ್ರ ಬಂದರು, ನಳ ತಿರುಗಿಸಿದರು, ಚಪ್ಪಾಳೆಯೂ ಬಿತ್ತು.

ಕೆಲವು ತಿಂಗಳ ಮೇಲೆ ಊರವರು ಮೋಟಾರಿಗಾಗಿ ಮನವಿ ಹಿಡಿದು ತಾಲೂಕು ಕಚೇರಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಗುಮಾಸ್ತ ನನ್ನನ್ನು ಗುರುತಿಸಿ ಕುರ್ಚಿ ಕೊಟ್ಟ. ಮನವಿ ಓದಿ, ಫೈಲು ತೆಗೆದು ನನ್ನ ಕಡೆ ತಿರುಗಿಸಿದ.

"ಉದ್ಘಾಟನಿ ಆಗೇತಿ, ನೀರೂ ಬಂದೇತಿ. ನೀವ ಬರದೀರಲ್ರಿ."

ನನ್ನ ಸುದ್ದಿಯನ್ನು ಕತ್ತರಿಸಿ ಅಂಟಿಸಿದ್ದರು. ಮೇಲೆ ಕಚೇರಿಯ ದುಂಡನೆಯ ಶಿಕ್ಕಾ ಒತ್ತಿದ್ದರು. ಊರವರು ಮನವಿಯನ್ನು ಮಡಚಿಕೊಂಡು ಹೊರಗೆ ನಡೆದರು.

ಅಲ್ಲಿಂದ ಅವರ ಜೊತೆಗೇ ಅಕ್ಕನ ಮನೆಗೆ ಹೋದೆ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುತ್ತಾರೆ. ಅವತ್ತು ತಂಬಿಗೆ ಹೊರಗೆ ಬರಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು, ಸಿಟ್ಟಿನ ದನಿಯೂ ಇಲ್ಲದೆ, "ಓಣಿ ತುದಿಗೆ ನಳ ಐತೆಲ್ಲ, ತಮ್ಮಾ. ಪೇಪರ್‌ನ್ಯಾಗ ನೀರು ಬಂದೈತಿ. ಅಲ್ಲೇ ಕಾಲ ತೊಳ್ಕೊಂಡ ಬಾ," ಅಂದಳು.

ಹೋದೆ. ಹೋಗದೆ ಒಳಗೆ ಕಾಲಿಡಲು ನನಗೆ ಮುಖವಿರಲಿಲ್ಲ. ನಳ ತಿರುಗಿಸಿದೆ. ಒಳಗಿಂದ ಒಂದು ಇರುವೆ ಹೊರಗೆ ಬಂತು. ಕಟ್ಟೆಯ ಮೇಲೆ ಕುಳಿತಿದ್ದವರು ಯಾರೂ ನಗಲಿಲ್ಲ.

ಧೂಳುಗಾಲಲ್ಲೇ ಮರಳಿದಾಗ ಅಕ್ಕ ಅರ್ಧ ತಂಬಿಗೆ ನೀರು ಹಿಡಿದು ನಿಂತಿದ್ದಳು.

"ನೋಡಿದೆಲ್ಲ? ಈಗ ಬರಿ," ಅಂದಳು.

ಅಂದೇ ಬರೆದೆ. ಅಷ್ಟು ವರ್ಷಗಳಲ್ಲಿ ಮಂತ್ರಿಗಳ ಕೆಲಸದ ಬಗ್ಗೆ ನಾನು ಕಣ್ಣಾರೆ ಕಂಡು ಬರೆದ ಮೊದಲ ಸುದ್ದಿ ಅದು. ಅದು ಅಚ್ಚಾಗಲಿಲ್ಲ. ಮೋಟಾರು ಬಂದದ್ದು ಮುಂದಿನ ಚುನಾವಣೆಯ ಹೊತ್ತಿಗೆ, ಅಕ್ಕ ಇನ್ನೂ ಎರಡು ಬೇಸಿಗೆ ನೀರು ಹೊತ್ತ ಮೇಲೆ. ಪತ್ರಿಕೆಯಿಂದ ನನಗೆ ಬಂದದ್ದು ಒಂದು ಪೋಸ್ಟ್ ಕಾರ್ಡು: 'ತಾವು ಕಳಿಸಿದ ತಿದ್ದುಪಡಿ ಪ್ರಕಟಿಸಲಾಗದು. ಉದ್ಘಾಟನೆ ಮಾಡಿಲ್ಲವೆಂದು ಸಚಿವರೇ ಹೇಳಿಲ್ಲ.'